ಕ್ಲಾರಿಸ್‌ಗಾಗಿ ಬಿಟ್ಟ ಬಾಣ

ಮೊದಲೇ ಹೇಳಿಬಿಡುತ್ತೇನೆ, ನನ್ನ ಭಾವ ಆರ್ವಿಡ್ ಹೌಗನ್ ಮೇಲೆ ನನಗೆ ಇನ್ನೂ ಸಿಟ್ಟಿದೆ. ಭಾನುವಾರ ಚರ್ಚಿನಲ್ಲಿ ಅವನ ಪಕ್ಕದಲ್ಲೇ ಕೂರುತ್ತೇನೆ. ಸೂಪು ಮಾಡಿದರೆ ಒಂದು ಡಬ್ಬಿ ಅವನಿಗೂ ಕೊಟ್ಟು ಬರುತ್ತೇನೆ. ಹಿಮ ಬಿದ್ದಾಗ ಅವನ ಮೆಟ್ಟಿಲು ಯಾರಾದರೂ ಗುಡಿಸಿದ್ದಾರೋ ಇಲ್ಲವೋ ಎಂದು ಹೋಗಿ ನೋಡುತ್ತೇನೆ. ಆದರೂ ಸಿಟ್ಟಿದೆ. ಊರಿನವರು ಅವನನ್ನು ದೇವರಂಥ ಮನುಷ್ಯ ಎಂದು ಹೊಗಳುವಾಗ ನಾನು ಬಾಯಿ ಮುಚ್ಚಿಕೊಂಡು ಕಾಫಿ ಕುಡಿಯುತ್ತೇನೆ. ದೇವರಂಥ ಮನುಷ್ಯನ ಜೊತೆ ಸಂಸಾರ ಮಾಡಿದವಳು ನನ್ನ ಅಕ್ಕ ಕ್ಲಾರಿಸ್, ಇವರಲ್ಲ.

ಆರ್ವಿಡ್ ಹಾಲಿನ ಲಾರಿ ಓಡಿಸುತ್ತಿದ್ದ. ವಿಸ್ಕಾನ್ಸಿನ್ನಿನ ಪಶ್ಚಿಮದ ನಮ್ಮ ಗುಡ್ಡಗಳಲ್ಲಿ ಒಂದೊಂದೇ ಕೊಟ್ಟಿಗೆಯ ಮುಂದೆ ಲಾರಿ ನಿಲ್ಲಿಸಿ, ಹಾಲು ತುಂಬಿಸಿಕೊಂಡು, ಚೀಸ್ ಕಾರ್ಖಾನೆಗೆ ಸುರಿದು ಬರುವುದು ಅವನ ಜೀವಮಾನದ ಕೆಲಸ. ಮಾತು ಕಡಿಮೆ. ಹಾಲು ತುಂಬಿಸುವ ಮೊದಲು ಮೂಸಿ ನೋಡುತ್ತಿದ್ದ. ಸ್ವಲ್ಪ ವಾಸನೆ ಬಂದರೆ "ಇವತ್ತು ಬೇಡ" ಎಂದು ಹೇಳಿ ಲಾರಿ ಹತ್ತುತ್ತಿದ್ದ. ಬೈಯುತ್ತಿರಲಿಲ್ಲ, ಜಗ್ಗುತ್ತಲೂ ಇರಲಿಲ್ಲ. ಅವನಿಗೂ ಅಕ್ಕನಿಗೂ ಮದುವೆಯ ಮಾತು ನಡೆಯುತ್ತಿದ್ದ ವಾರವೇ ನಮ್ಮಪ್ಪನ ಹಾಲನ್ನು ಹೀಗೆ ಬಿಟ್ಟು ಹೋದ.

"ನಮ್ಮನೆ ಹೆಣ್ಣು ಬೇಕಂತೆ, ಹಾಲು ಬೇಡ್ವಂತೆ! ಎಷ್ಟು ಕೊಬ್ಬು ನೋಡೇ ಇವನಿಗೆ!" ಎಂದು ಅಪ್ಪ ಅಡುಗೆಮನೆಯಲ್ಲಿ ಕುಣಿದಾಡಿದ. ಕ್ಲಾರಿಸ್ ಒಲೆಯ ಕಡೆ ಮುಖ ಮಾಡಿಕೊಂಡು ನಗುತ್ತಿದ್ದಳು. ಹಾಲು ನಿಜವಾಗಿಯೂ ಕೆಟ್ಟಿತ್ತು, ಅದು ಅಪ್ಪನಿಗೂ ಗೊತ್ತಿತ್ತು.

ಆರ್ವಿಡ್ ಬಿಲ್ಲು ಹಿಡಿದು ಕಾಡಿಗೆ ಹೋದರೂ ಅದೇ ಕಥೆ. ನಮ್ಮಲ್ಲಿ ಸೆಪ್ಟೆಂಬರಿನಲ್ಲಿ ಓಕ್ ಕಾಯಿ ಉದುರಲು ಶುರುವಾದರೆ ಅರ್ಧ ಊರು ಮರದ ಮೇಲಿನ ಅಟ್ಟಣೆಗಳಲ್ಲಿ ಜಿಂಕೆಗೆ ಕಾಯುತ್ತಿರುತ್ತದೆ. ಎಲ್ಲರೂ ಜಿಂಕೆ ತರುತ್ತಾರೆ, ಆರ್ವಿಡ್ ಸುದ್ದಿ ತರುತ್ತಾನೆ. ಅವನಿಗೆ ಬರಿಗೈ ಆರ್ವಿಡ್ ಎಂದೇ ಹೆಸರು. ಹಾಗೆಂದು ಗುರಿ ಕೆಟ್ಟದ್ದೆಂದುಕೊಳ್ಳಬೇಡಿ, ಅವನಷ್ಟು ಚೆನ್ನಾಗಿ ಬಾಣ ಬಿಡುವವರು ಈ ಕಣಿವೆಯಲ್ಲಿ ಇರಲಿಲ್ಲ. ಆದರೆ ಬಿಡುತ್ತಿರಲಿಲ್ಲ. ಬಂದೂಕಿನ ಮಾತು ಬೇರೆ. ಬಾಣ ಕೊಯ್ದುಕೊಂಡು ಹೋಗಬೇಕು, ಎರಡೂ ಶ್ವಾಸಕೋಶ ತೂರಿ ಆಚೆ ಬರಬೇಕು. ಆಗ ಪ್ರಾಣಿ ಏನಾಯಿತೆಂದು ತಿಳಿಯುವ ಮೊದಲೇ ಕಣ್ಣೆದುರಿಗೆ ಬೀಳುತ್ತದೆ. ಅದಕ್ಕಿರುವ ಜಾಗ ಮುಂಗಾಲಿನ ಹಿಂದೆ ಒಂದು ಊಟದ ತಟ್ಟೆಯಷ್ಟು. ಜಿಂಕೆ ಎದುರಿಗೆ ನಿಂತರೆ ಬೇಡ. ಬೆನ್ನು ತೋರಿಸಿದರೆ ಬೇಡ. ತನ್ನ ಕಡೆ ಓರೆಯಾಗಿ ನಿಂತರೆ ಖಂಡಿತಾ ಬೇಡ, ಏಕೆಂದರೆ ಹೆಗಲ ಮೂಳೆ ಅಡ್ಡ ಇರುತ್ತದೆ, ಅದು ತಪ್ಪಿದರೆ ಬಾಣ ಹೊಟ್ಟೆಗೆ ಹೋಗುತ್ತದೆ. ತಲೆ ಎತ್ತಿ ಕಿವಿ ನೆಟ್ಟಗೆ ಮಾಡಿದರೂ ಬೇಡ. ಹೆದೆಯ ಸದ್ದಿಗೆ ಅದು ಕುಗ್ಗಿ ತಿರುಗಿಬಿಡುತ್ತದೆ, ಬಾಣ ತಲುಪುವಷ್ಟರಲ್ಲಿ ಜಾಗ ಬದಲಾಗಿರುತ್ತದೆ. ಅಡ್ಡಕ್ಕೆ ನಿಂತಿರಬೇಕು, ಇಲ್ಲವೇ ಸ್ವಲ್ಪ ಆಚೆ ತಿರುಗಿರಬೇಕು, ಈಚೆಯ ಮುಂಗಾಲು ಮುಂದಿಟ್ಟಿರಬೇಕು, ತಲೆ ಬಗ್ಗಿಸಿ ನೆಮ್ಮದಿಯಾಗಿ ಮೇಯುತ್ತಿರಬೇಕು. ಇಷ್ಟೆಲ್ಲ ಕೂಡಿ ಬಂದರೆ ಆರ್ವಿಡ್ ಬಾಣ ಬಿಡುತ್ತಿದ್ದ.

ನಮ್ಮ ತಮ್ಮ ಡೆಲ್ಮರ್ ಊರಿನವರ ಜಿಂಕೆಗಳನ್ನು ಸುಲಿದು ಮಾಂಸ ಮಾಡಿಕೊಡುವವನು. ಬಾಯಿ ಸುಮ್ಮನಿರುವ ಜಾತಿಯಲ್ಲ.

"ಏನ್ ಭಾವ, ಇವತ್ತು ಯಾರಿಗೆ ಕ್ಷಮಾದಾನ ಕೊಟ್ಟೆ?"

"ದೊಡ್ಡ ಕೋಡಿಂದು. ಎದುರಿಗೆ ನಿಂತಿತ್ತು."

"ಎದುರಿಗೆ ನಿಂತಿದ್ರೆ ಎದೆಗೆ ಬಿಡ್ಬೇಕಪ್ಪ! ಫೋಟೋ ತೆಗೆಸ್ಕೊಳ್ಳೋರ ತರ ಪಕ್ಕಕ್ಕೆ ತಿರುಗಿ ನಿಂತ್ಕೊಳ್ಳುತ್ತೆ ಅನ್ಕೊಂಡ್ಯಾ?"

"ಬಿಡೋ ಅವನನ್ನ," ಎಂದು ಕ್ಲಾರಿಸ್ ನಡುವೆ ಬಾಯಿ ಹಾಕುತ್ತಿದ್ದಳು. "ನನ್ನನ್ನ ಮದುವೆ ಆಗ್ತೀಯಾ ಅಂತ ಕೇಳಕ್ಕೇ ಎರಡು ವರ್ಷ ತಗೊಂಡ. ನಾನೂ ಸರಿಯಾಗಿ ತಿರುಗಿ ನಿಂತಿರ್ಲಿಲ್ಲ ಅಂತ ಕಾಣುತ್ತೆ."

ಮೇಜು ಕುಟ್ಟಿಕೊಂಡು ನಗುತ್ತಿದ್ದೆವು. ಆರ್ವಿಡ್‌ನ ಕಿವಿ ಕೆಂಪಾಗುತ್ತಿತ್ತು. ಅವರಿಗೆ ಮಕ್ಕಳಾಗಲಿಲ್ಲ, ಒಬ್ಬರಿಗೊಬ್ಬರು ಸಾಕೆಂಬಂತೆ ಇದ್ದರು.

ಈ ಹಟ ಅವನಿಗೆ ಎಲ್ಲಿಂದ ಬಂತೆಂದು ಅವನು ಹೇಳಲಿಲ್ಲ, ಅಕ್ಕ ಹೇಳಿದಳು. ಅವನು ಚಿಕ್ಕವನಿದ್ದಾಗ ಒಂದು ವಸಂತದಲ್ಲಿ, ಹಿಮ ಕರಗಿದ ಮೇಲೆ, ದೇವದಾರು ಪೊದೆಯ ಕೆಳಗೆ ಒಂದು ಗಂಡು ಜಿಂಕೆಯ ಎಲುಬು ಸಿಕ್ಕಿತಂತೆ. ಸೊಂಟದ ಮೂಳೆಯ ಹತ್ತಿರ ಮುರಿದ ಬಾಣವಿತ್ತು. ಬಾಣದ ಹಿಂತುದಿಯ ಗರಿಗಳಿಗೆ ಕೆಂಪು ಬಣ್ಣ. ಟರ್ಕಿ ಕೋಳಿಯ ಗರಿಯನ್ನು ಬೀಟ್‌ರೂಟ್ ನೀರಿನಲ್ಲಿ ಅದ್ದಿ ಅಪ್ಪನ ಬಾಣಗಳಿಗೆ ಹಾಗೆ ಬಣ್ಣ ಹಾಕುತ್ತಿದ್ದವಳು ಅವನ ತಾಯಿ. ಹಾಗಾಗಿ ಬಾಣ ಯಾರದ್ದೆಂದು ಅವನು ಯಾರನ್ನೂ ಕೇಳಬೇಕಾಗಿರಲಿಲ್ಲ. ಅವನಪ್ಪ ಹಿಂದಿನ ಶರತ್ಕಾಲದಲ್ಲಿ ಏನನ್ನೂ ಹೊಡೆದಿಲ್ಲವೆಂದೇ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದ. ಮನೆಗೆ ಬಂದು ಹುಡುಗ ಏನೂ ಮಾತಾಡಲಿಲ್ಲವಂತೆ. ಆಗಿನಿಂದಲೇ ಹೀಗೆ.

ಕ್ಲಾರಿಸ್‌ಗೆ ಮೇದೋಜೀರಕದ ಕ್ಯಾನ್ಸರ್ ಎಂದು ಗೊತ್ತಾಗಿದ್ದು ಏಪ್ರಿಲ್‌ನಲ್ಲಿ. ಬೇಸಿಗೆ ಮುಗಿಯುವಷ್ಟರಲ್ಲಿ ಆಸ್ಪತ್ರೆಯವರು ಕೈಚೆಲ್ಲಿದರು. ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಮಂಚ ಹಾಕಿದೆವು. ನಾನು ನನ್ನ ಮನೆಗೆ ಬೀಗ ಹಾಕಿ ಅಲ್ಲೇ ಬಂದು ನಿಂತೆ. ಚರ್ಚಿನ ಹೆಂಗಸರು ದಿನವೂ ಆಲೂಗಡ್ಡೆ, ಚೀಸ್, ಕೋಳಿ ಹಾಕಿ ಬೇಯಿಸಿದ ಅಡುಗೆಯ ತಟ್ಟೆಗಳನ್ನು ತಂದಿಡುತ್ತಿದ್ದರು. ಅಕ್ಕ ವಾಸನೆಗೇ ಮುಖ ತಿರುಗಿಸುತ್ತಿದ್ದಳು. ಅವಳ ಕೈ ಹಿಡಿದರೆ ಬರೀ ಎಲುಬು. ಒಂದು ಕಾಲದಲ್ಲಿ ಒಂದೇ ಕೈಯಲ್ಲಿ ಹಾಲಿನ ಕ್ಯಾನು ಎತ್ತುತ್ತಿದ್ದ ಹೆಂಗಸು ಅವಳು. ನಾನು ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ.

ಸೆಪ್ಟೆಂಬರಿನ ಕೊನೆಯ ವಾರ ಒಂದು ಮಧ್ಯಾಹ್ನ ಅವಳೇ ಬಾಯಿಬಿಟ್ಟು ಕೇಳಿದಳು.

"ಮಾರ್ವಾ, ಗುಂಡಿಗೆ ತಿನ್ಬೇಕು ಅನ್ನಿಸ್ತಿದೆ ಕಣೇ. ಬೆಣ್ಣೇಲಿ, ಈರುಳ್ಳಿ ಹಾಕಿ. ಒಂದೆರಡು ಚೂರು ತಿನ್ಬಲ್ಲೆ."

ವರ್ಷದ ಮೊದಲ ಜಿಂಕೆಯ ಗುಂಡಿಗೆಯನ್ನು ಆವತ್ತೇ ಸಂಜೆ ಹುರಿದು ಮನೆಯವರೆಲ್ಲ ತಿನ್ನುವುದು ನಮ್ಮ ಕಡೆಯ ರೂಢಿ. ವಾರಗಟ್ಟಲೆ ಏನೂ ಕೇಳದಿದ್ದವಳು ಕೇಳಿದ್ದಳು. ನಾನು ಆರ್ವಿಡ್‌ನ ಮುಖ ನೋಡಿದೆ. ಅವನು ಆಗಲೇ ಕಾಫಿ ಲೋಟ ಕೆಳಗಿಟ್ಟಿದ್ದ.

ಮೂರು ಸಂಜೆ ಹೋದ. ಮೂರು ಸಂಜೆಯೂ ಬರಿಗೈ. ಒಂದು ಜಿಂಕೆ ಕೊಂಬೆಯ ಹಿಂದೆ ನಿಂತಿತ್ತಂತೆ, ಒಂದು ಎದುರಿಗೆ, ಒಂದಕ್ಕೆ ಜೊತೆಯಲ್ಲಿ ಮರಿ ಇತ್ತಂತೆ. ಡೆಲ್ಮರ್ ತನ್ನ ಫ್ರೀಜರಿನಿಂದ ಯಾರದ್ದೋ ಜಿಂಕೆಯ ಗುಂಡಿಗೆ ತಂದುಕೊಟ್ಟ. ನಾನು ಹುರಿದು ತಟ್ಟೆಗೆ ಹಾಕಿ ಕೊಟ್ಟರೆ ಅಕ್ಕ ಒಂದು ಚೂರು ಬಾಯಿಗಿಟ್ಟುಕೊಂಡು ಕರವಸ್ತ್ರಕ್ಕೆ ಉಗಿದಳು. "ಇದು ಬೇರೆಯವರ ಮನೇದು," ಅಂದಳು. ಕಾಯಿಲೆಯವರ ಚಾಳಿ ಎಂದುಕೊಂಡೆ. ಆರ್ವಿಡ್ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ.

ನಾಲ್ಕನೆಯ ಸಂಜೆ ಬೇಗ ಬಂದ. ಬಿಲ್ಲನ್ನು ಹೊರಗೇ ಬಿಟ್ಟು, ಟೋಪಿ ಕೈಯಲ್ಲಿ ಹಿಡಿದುಕೊಂಡು ಮಂಚದ ಪಕ್ಕದ ಕುರ್ಚಿಯಲ್ಲಿ ಕುಳಿತ. ಅಕ್ಕ ಅವನ ಮುಖವನ್ನು ಒಂದು ಸಲ ನೋಡಿದಳು.

"ಹೊಡೆದೆ."

"ಹ್ಞೂಂ."

"ಎಲ್ಲಿಗೆ?"

"ಹೊಟ್ಟೆಗೆ," ಅಂದ. "ತೂರಿ ಬಿದ್ದ ಬಾಣದ ಮೇಲೆ ಮೇವಿನ ಹಸಿರು ಇದೆ. ಮೂಸಿ ನೋಡಿದೆ."

"ಹೇಗೆ ನಿಂತಿತ್ತು?"

"ನನ್ನ ಕಡೆ ಓರೆಯಾಗಿ. ತಲೆ ಎತ್ತಿತ್ತು. ಒಂದು ಹೆಣ್ಣು."

"ಗೊತ್ತಿದ್ದೂ ಬಿಟ್ಯಾ?"

ಅವನು ಹೌದೆಂದು ತಲೆಯಾಡಿಸಿದ. ಯಾಕೆಂದು ಅವಳು ಕೇಳಲಿಲ್ಲ. ಕೈ ಎತ್ತಲಾರದೆ ಎತ್ತಿ ಅವನ ಕೂದಲ ಮೇಲೆ ಇಟ್ಟಳು. "ಪೆದ್ದ," ಅಂದಳು, "ನನ್ನ ಪೆದ್ದ." ಆ ಮನುಷ್ಯ ಅತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ಅಡುಗೆಮನೆಗೆ ಹೋಗಿಬಿಟ್ಟೆ.

ಹೊಟ್ಟೆಗೆ ಬಾಣ ಬಿದ್ದ ಜಿಂಕೆಯನ್ನು ಆಗಲೇ ಹಿಂಬಾಲಿಸಬಾರದು. ಬೆನ್ನು ಗೂನಾಗಿಸಿಕೊಂಡು ಮೆಲ್ಲಗೆ ನಡೆದುಹೋಗಿ ಹತ್ತಿರದಲ್ಲೇ ಎಲ್ಲೋ ಮಲಗುತ್ತದೆ. ಬೆನ್ನು ಹತ್ತಿದರೆ ಎದ್ದು ಮೈಲಿಗಟ್ಟಲೆ ಓಡಿ, ಕೈಗೂ ಸಿಗದೆ, ದಿನಗಟ್ಟಲೆ ನರಳಿ ಸಾಯುತ್ತದೆ. ಬೆಳಗಿನವರೆಗೆ ಬಿಡಬೇಕು. ಅವನು ಬಿಟ್ಟ. ಆದರೆ ಬೆಳಗಿನ ಜಾವ ಮಳೆ ಬಂತು. ನಾನೆದ್ದು ಬಂದಾಗ ಅವನು ಅಕ್ಕನ ಕೈ ಹಿಡಿದುಕೊಂಡು ಅದೇ ಕುರ್ಚಿಯಲ್ಲಿದ್ದ, ಕಿವಿ ಮಾತ್ರ ಸೂರಿನ ಸದ್ದಿನ ಕಡೆ. ನೆಲದ ಮೇಲಿನ ರಕ್ತವೆಲ್ಲ ತೊಳೆದು ಹೋಗುತ್ತಿದೆಯೆಂದು ಇಬ್ಬರಿಗೂ ಗೊತ್ತಿತ್ತು.

ಮನೆಗೆ ಬಂದು ಅಕ್ಕನನ್ನು ನೋಡಿ ಹೋಗುತ್ತಿದ್ದ ನರ್ಸು ಬಂದು ನಾಡಿ ನೋಡಿದಳು, ಪಾದ ಮುಟ್ಟಿ ನೋಡಿದಳು. ಆರ್ವಿಡ್‌ನನ್ನು ಮೆಟ್ಟಿಲ ಹತ್ತಿರ ಕರೆದು, "ಇವತ್ತು ದೂರ ಎಲ್ಲೂ ಹೋಗ್ಬೇಡಿ," ಅಂದಳು. ಅದಕ್ಕಿಂತ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಷ್ಟರಲ್ಲಿ ಡೆಲ್ಮರ್ ಬಂದ. ಅವನು ಅಂದು ತಮಾಷೆ ಮಾಡಲಿಲ್ಲ. "ಭಾವ, ಈ ಸೆಕೆಗೆ ಮಾಂಸ ಕೆಟ್ಟುಹೋಗಿರುತ್ತೆ. ಗುಂಡಿಗೆನೂ ಅಷ್ಟೆ. ಸಿಕ್ಕಿದ್ರೂ ಉಪಯೋಗವಿಲ್ಲ. ಬಿಟ್ಟುಬಿಡು, ಇಲ್ಲಿರು."

ಆರ್ವಿಡ್ ಬೂಟು ಹಾಕಿಕೊಂಡು ಕುಳಿತಿದ್ದ. ಏಳಲೂ ಇಲ್ಲ, ಬಿಚ್ಚಲೂ ಇಲ್ಲ. ಅಕ್ಕ ಕಣ್ಣು ತೆರೆದಳು. ಅವಳ ಕಣ್ಣು ನೇರ ಬೂಟಿಗೇ ಹೋಯಿತು.

"ಹೋಗು," ಅಂದಳು.

"ಬೇಡ. ಇಲ್ಲೇ ಇರ್ತೀನಿ."

"ನನ್ನ ಹತ್ರ ನೋವಿಗೆ ಔಷಧಿ ಇದೆ ಕಣೋ," ಅಂದಳು ಕ್ಲಾರಿಸ್. ಮಾತಿಗೊಂದು ಸಲ ಉಸಿರು ತೆಗೆದುಕೊಳ್ಳುತ್ತಿದ್ದಳು. "ಅದರ ಹತ್ರ ಏನಿದೆ? ಹೋಗಿ ಹುಡುಕು."

ಅವನು ಎದ್ದ. ನಾನು ಅವನ ಹಿಂದೆಯೇ ಜಗಲಿಗೆ ಓಡಿ ತೋಳು ಹಿಡಿದು ನಿಲ್ಲಿಸಿದೆ. ಬಾಯಿಗೆ ಬಂದಿದ್ದೆಲ್ಲ ಅಂದೆ. "ತಲೆ ಕೆಟ್ಟಿದೆಯಾ ಭಾವ ನಿಂಗೆ? ಅವಳು ಹೋಗು ಅಂದ್ರೆ ಹೋಗ್ಬಿಡ್ತೀಯಾ? ಅವಳು ಅಂದಿದ್ದು ನಿನ್ನ ಮುಖ ನೋಡಕ್ಕಾಗ್ದೆ! ಒಂದು ಜಿಂಕೆಗೋಸ್ಕರ, ಅದೂ ಸಾಯೋ ಜಿಂಕೆಗೋಸ್ಕರ!"

"ಅದು ಸತ್ತಿಲ್ಲ ಅಂದ್ರೆ?" ಅಂದ. "ಬೇಗ ಬರ್ತೀನಿ ಮಾರ್ವಾ. ಅವಳ ತುಟಿ ಒದ್ದೆ ಮಾಡ್ತಾ ಇರು."

ಡೆಲ್ಮರ್ ನೆಲಕ್ಕೆ ಟೋಪಿ ಬಡಿದು, "ಹಾಳಾಗಿ ಹೋಗ್ಲಿ, ನಾಲ್ಕು ಕಣ್ಣಾದ್ರೆ ಬೇಗ ಮುಗಿಯುತ್ತೆ," ಎಂದು ಗೊಣಗುತ್ತ ಅವನ ಹಿಂದೆ ಹೋದ. ಆಮೇಲೆ ಕಾಡಿನಲ್ಲಿ ನಡೆದದ್ದೆಲ್ಲ ಡೆಲ್ಮರ್ ಹೇಳಿದ್ದು. ರಕ್ತದ ಒಂದು ಹನಿಯೂ ಉಳಿದಿರಲಿಲ್ಲವಂತೆ. ಆರ್ವಿಡ್ ಕೈಕಾಲೂರಿ ಹರಿದಾಡುತ್ತ ಒಂದೊಂದೇ ಎಲೆ ತಿರುಗಿಸಿ ನೋಡುತ್ತಿದ್ದನಂತೆ. ಒಂದು ಕಡೆ ಹೊಟ್ಟೆಯ ಬಿಳಿ ಕೂದಲು ಸಿಕ್ಕಿತು, ಇನ್ನೊಂದು ಕಡೆ ಹಳೆ ತಂತಿಬೇಲಿಯ ಕೆಳಗೆ ನುಗ್ಗಿ ಹೋದ ಗುರುತು. ಇಂಥ ನೋವಿರುವ ಜಿಂಕೆ ನೀರಿನ ಕಡೆ ಇಳಿಯುತ್ತದೆ, ಇವರೂ ತೊರೆಯ ಕಡೆ ಇಳಿದರು. ಅಲ್ಲಿ ಆಳೆತ್ತರದ ಜೊಂಡು. ಮಧ್ಯಾಹ್ನವಾಯಿತು. ಡೆಲ್ಮರ್ ಅವನ ಹೆಗಲು ಹಿಡಿದು, "ನೀನು ಮನೆಗೆ ಹೋಗು ಭಾವ, ನಾನು ಹುಡುಕ್ತೀನಿ, ನನ್ನಾಣೆ ಬಿಡಲ್ಲ," ಅಂದನಂತೆ.

"ಹೊಡೆದೋನು ನಾನು," ಅಂದನಂತೆ ಆರ್ವಿಡ್.

ಈ ಒಂದು ಮಾತನ್ನು ನಾನು ಇವತ್ತಿಗೂ ನುಂಗಿಕೊಳ್ಳಲಾರೆ. ಡೆಲ್ಮರ್ ಹುಡುಕುತ್ತೇನೆ ಅಂದಿದ್ದನಲ್ಲ! ಒಬ್ಬ ಮನುಷ್ಯ ಒಳ್ಳೆಯವನಾಗಿರಬೇಕು, ಸರಿ; ಎಷ್ಟು ಒಳ್ಳೆಯವನಾಗಿರಬೇಕು ಅನ್ನುವುದಕ್ಕೆ ಒಂದು ಮಿತಿ ಬೇಡವೇ?

ಇತ್ತ ಅಕ್ಕನ ಉಸಿರು ಬದಲಾಗಿತ್ತು. ನಾನು ಡೆಲ್ಮರ್‌ಗೆ ಫೋನ್ ಮಾಡಿದೆ, ಮತ್ತೆ ಮತ್ತೆ ಮಾಡಿದೆ; ತೊರೆಯ ತಗ್ಗಿನಲ್ಲಿ ಫೋನ್ ಸಿಗುವುದಿಲ್ಲ. ಒಂದು ಹೊತ್ತಿನಲ್ಲಿ ಅವಳು ಕಣ್ಣು ಬಿಟ್ಟಳು.

"ಸಿಕ್ತಂತಾ?"

"ಇನ್ನೂ ಇಲ್ಲ ಕಣೇ."

"ಹಾಗಾದ್ರೆ ಅವನು ಬರಲ್ಲ," ಅಂದಳು. ಕೋಪವಿರಲಿಲ್ಲ. ಸ್ವಲ್ಪ ನಕ್ಕ ಹಾಗೂ ಇತ್ತು, ಅವನನ್ನು ಬಲ್ಲವಳ ನಗು. ಪಕ್ಕದ ಮನೆಯವರನ್ನು ಕಳಿಸಿ ಕರೆಸಲಾ ಎಂದೆ. ಬೇಡವೆಂದು ತಲೆಯಾಡಿಸಿದಳು. ನಾನು ಅವಳ ತುಟಿಗೆ ಒದ್ದೆ ಹತ್ತಿ ಒತ್ತಿದೆ. ಅವಳು ಬಾಗಿಲ ಕಡೆ ನೋಡುತ್ತಿದ್ದಳು. ತುಂಬ ಹೊತ್ತು ನೋಡಿದಳು. ಆಮೇಲೆ, ನನಗಲ್ಲ, ತನಗೇ ಹೇಳಿಕೊಂಡ ಹಾಗೆ, "ಆದ್ರೂ ಬಂದಿದ್ರೆ ಚೆನ್ನಾಗಿರ್ತಿತ್ತು," ಅಂದಳು.

ಮತ್ತೆ ಮಾತಾಡಲಿಲ್ಲ. ನನ್ನ ಅಕ್ಕ ಹೋದಾಗ ಅವಳ ಒಂದು ಕೈಯನ್ನು ನಾನು ಹಿಡಿದಿದ್ದೆ, ಇನ್ನೊಂದು ಕೈ ಹೊದಿಕೆಯ ಮೇಲೆ ಖಾಲಿ ಬಿದ್ದಿತ್ತು.

ಆರ್ವಿಡ್‌ಗೆ ಜಿಂಕೆ ಸಿಕ್ಕಿದ್ದು ಹೆಚ್ಚುಕಡಿಮೆ ಆಗಲೇ. ಜೊಂಡಿನ ನಡುವೆ ಮಲಗಿತ್ತಂತೆ, ತಲೆ ಎತ್ತಿಕೊಂಡು, ಜೀವ ಇಟ್ಟುಕೊಂಡು. ಇವನನ್ನು ನೋಡಿ ಏಳಲು ಹೋಯಿತು, ಮುಂಗಾಲು ಎದ್ದಿತು, ಹಿಂಗಾಲು ಏಳಲಿಲ್ಲ. ಇವನು ಸುತ್ತು ಹಾಕಿ ಬಂದು, ಅದು ತಲೆ ಆಚೆ ತಿರುಗಿಸುವವರೆಗೂ ಕಾದು, ಸರಿಯಾದ ಜಾಗಕ್ಕೆ ಬಾಣ ಬಿಟ್ಟ. ಎರಡು ಉಸಿರಿಗೆ ಮುಗಿಯಿತು. "ಮಿಕ್ಕಿದ್ದು ನಾನು ನೋಡ್ಕೋತೀನಿ, ನೀನು ಓಡು ಅಂದೆ ಕಣೇ," ಎಂದು ಡೆಲ್ಮರ್ ನನ್ನ ಹತ್ತಿರ ಅತ್ತ. "ಓಡಿದ. ಆ ವಯಸ್ಸಲ್ಲಿ ಆ ಗುಡ್ಡ ಹತ್ತಿ ಓಡಿದ."

ನಾನು ಬಾಗಿಲಲ್ಲೇ ನಿಂತಿದ್ದೆ. ಅಂಗಳ ದಾಟಿ ಬಂದ, ಮೊಣಕಾಲಿನವರೆಗೆ ಕೆಸರು, ಉಸಿರಾಡಲು ಆಗುತ್ತಿರಲಿಲ್ಲ. ನನ್ನ ಮುಖ ನೋಡಿದ. ಮುಖಕ್ಕೆ ಉಗಿಯಬೇಕೆಂದು ಅಷ್ಟು ಹೊತ್ತಿನಿಂದ ಕಾದಿದ್ದವಳು ಬಾಗಿಲು ಬಿಟ್ಟು ಸರಿದೆ.

ಹೊರಗಿನ ನಲ್ಲಿಗೆ ಹೋಗಿ ಕೈ ತೊಳೆದ. ಸೋಪು ಹಾಕಿ ಉಗುರಿನ ಸಂದಿಯವರೆಗೆ ಉಜ್ಜಿ ಉಜ್ಜಿ ತೊಳೆದ. "ಸಾಕು ಬಾ ಭಾವ," ಅಂದರೂ ಕೇಳಲಿಲ್ಲ. ಆಮೇಲೆ ಒಳಗೆ ಬಂದು ಅದೇ ಕುರ್ಚಿಯಲ್ಲಿ ಕುಳಿತು ಆ ಖಾಲಿ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡ.

"ಸಿಕ್ತು ಕಣೇ," ಅಂದ. "ತೊರೆ ಹತ್ರ ಇತ್ತು, ಜೊಂಡಲ್ಲಿ. ಇನ್ನೂ ಜೀವ ಇತ್ತು. ನೀನು ಹೇಳಿದ್ದು ಸರಿ. ಹೋಗ್ದಿದ್ರೆ ಇವತ್ತು ರಾತ್ರಿನೂ ಹಾಗೇ ಬಿದ್ದಿರ್ತಿತ್ತು." ಬೇಲಿ ಎಲ್ಲಿ ದಾಟಿತು, ಎಲ್ಲಿ ಕೂದಲು ಸಿಕ್ಕಿತು, ಎಲ್ಲವನ್ನೂ ಸಣ್ಣ ದನಿಯಲ್ಲಿ ಅವಳಿಗೆ ಹೇಳಿದ. ಹೇಳಿ ಮುಗಿದ ಮೇಲೆ ಹೊದಿಕೆಯಲ್ಲಿ ಮುಖ ಮುಚ್ಚಿಕೊಂಡ. ನಾನು ಅವನ ಬೆನ್ನು ತಟ್ಟುತ್ತ ನಿಂತೆ, ಬೈಯುತ್ತಲೂ ಇದ್ದೆ, ಅಳುತ್ತಲೂ ಇದ್ದೆ.

ಅದಾದ ಮೇಲೆ ಅವನು ಬಿಲ್ಲು ಹಿಡಿಯಲಿಲ್ಲ. ಅವಳ ಮಣ್ಣು ಮುಗಿದು, ಹೂವೆಲ್ಲ ಒಣಗಿ, ಬಂದವರ ತಟ್ಟೆಗಳನ್ನು ವಾಪಸ್ ಕೊಡಲೆಂದು ನಾನು ಒಂದು ಮಧ್ಯಾಹ್ನ ಅವನ ಅಡುಗೆಮನೆಯಲ್ಲಿ ತೊಳೆದು ಒರೆಸುತ್ತಿದ್ದೆ. ಅವನು ಮೇಜಿನ ಹತ್ತಿರ ಕುಳಿತಿದ್ದ. ಇದ್ದಕ್ಕಿದ್ದ ಹಾಗೆ ಕೇಳಿದ.

"ಮಾರ್ವಾ, ಅವಳು ಕೊನೇಲಿ ಏನಾದ್ರೂ ಅಂದ್ಲಾ?"

ನಾನು ಕೇಳಿಸದವಳ ಹಾಗೆ ಒಂದು ತಟ್ಟೆ ಒರೆಸಿದೆ. ಅವನು ಮತ್ತೆ ಕೇಳಲಿಲ್ಲ, ಕಾದ. ಕಾಯುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಸಿಕ್ತಂತಾ ಅಂತ ಕೇಳಿದ್ಲು," ಅಂದೆ. "ಇನ್ನೂ ಇಲ್ಲ ಅಂದೆ. ಹಾಗಾದ್ರೆ ಅವನು ಬರಲ್ಲ ಅಂದ್ಲು."

"ಬೇಜಾರು ಮಾಡ್ಕೊಂಡ್ಲಾ?"

"ಇಲ್ಲ. ಸ್ವಲ್ಪ ನಕ್ಕಳು."

ಅವನು ತಲೆಯಾಡಿಸಿದ. ಆ ಕೆಟ್ಟ ವಾರಗಳಲ್ಲೆಲ್ಲ ಮೊದಲ ಸಲ ಅವನ ಮುಖ ಒಂದಿಷ್ಟು ಸಡಿಲವಾಯಿತು. "ಅವಳಿಗೆ ಗೊತ್ತಿತ್ತು," ಅಂದ. "ಅವಳಿಗೆ ನನ್ನ ವಿಷಯ ಎಲ್ಲಾ ಗೊತ್ತಿತ್ತು." ಮತ್ತೆ ನನ್ನನ್ನು ನೋಡಿ ಕೇಳಿದ, "ಅಷ್ಟೇನಾ? ಆಮೇಲೆ ಏನೂ ಅನ್ನಲಿಲ್ವಾ?"

"ಅಷ್ಟೇ," ಅಂದೆ. "ಆಮೇಲೆ ನಿದ್ದೆ ಬಂತು ಅವಳಿಗೆ." ಹೇಳಿ ಸಿಂಕಿನ ಕಡೆ ತಿರುಗಿ, ಒರೆಸಿ ಆಗಿದ್ದ ತಟ್ಟೆಯನ್ನೇ ಮತ್ತೆ ನೀರಿಗೆ ಹಾಕಿ ತೊಳೆಯತೊಡಗಿದೆ.